ಸ್ಟ್ಯಾಂಡಿನ ಹೆಸರು ವಾಖೋ

ತಿಬಿಲಿಸಿಯಲ್ಲಿ ದುಡ್ಡಿಗೆ ಲಾರಿ ಎಂದು ಹೆಸರು.
ಎತೇರಿಯ ಚೀಲದಲ್ಲಿ ನೂರಾ ಎಂಬತ್ತು ಲಾರಿ ಇದ್ದೂ
ಒಂದು ಚಕ್ರವೂ ಉರುಳುತ್ತಿಲ್ಲ.

ಒಣಸೇತುವೆಯ ಮೇಲೆ ಶನಿವಾರದ ಸಂತೆ.
ಕಾರಿನ ಬಾನೆಟ್ಟಿಗೆ ಮಖಮಲ್ಲು ಹಾಸಿ
ನುಗ್ಝಾರ್ ಹರಡಿಕೊಂಡಿದ್ದಾನೆ
ಸೈನ್ಯದ ಪದಕ, ಹಲ್ಲು ಕೀಳುವ ಇಕ್ಕಳ,
ಯಾರದೋ ಕನ್ನಡಕ,
ಈಗಿಲ್ಲದ ದೇಶವೊಂದರ ಫ್ಲ್ಯಾಶು:
ಇಟ್ಟಿಗೆಯಷ್ಟು ದಪ್ಪ, ಇಟ್ಟಿಗೆಯಷ್ಟೇ ಗುಮ್ಮನೆ.

"ಇಪ್ಪತ್ತೇ ಲಾರಿ. ಹೊಡೆದರೆ ಫಿರಂಗಿ."
ಅವಳು ಚೀಲದಿಂದ ತೆಗೆದದ್ದು ದುಡ್ಡಲ್ಲ, ಮೀಟರು,
ಫ್ರಿಜ್ಜು ರಿಪೇರಿಯ ತಮ್ಮನಿಂದ ಕಡ ತಂದದ್ದು.
ಕೆಂಪು ತಂತಿ ಇಲ್ಲಿ, ಕಪ್ಪು ತಂತಿ ಅಲ್ಲಿ,
ಇನ್ನೂರ ಹದಿನಾರು ವೋಲ್ಟು!
"ನನ್ನ ಕ್ಯಾಮೆರಾ ಆರರ ಮೇಲೆ ತಡೆಯುವುದಿಲ್ಲ ಮಾರಾಯ,
ಅದರ ಎದೆ ಪುಕ್ಕಲು."
ನುಗ್ಝಾರ್ ಭುಜ ಹಾರಿಸಿದ:
"ಹಳೆಯದಕ್ಕೆ ಸಿಟ್ಟು ಜಾಸ್ತಿ.
ನನ್ನ ಮಾವನನ್ನು ನೋಡಬೇಕು ನೀನು."

ದೊಡ್ಡ ಅಂಗಡಿಯ ಗಾಜಿನೊಳಗೆ ಇನ್ನೊಂದು ಜಾತಿ ಇದೆ,
ತಾನೇ ಅಳೆದು ತಾನೇ ಸುರಿಯುವಂಥದು.
ಬೆಲೆ ಕೇಳಿ, ನಕ್ಕು, ಹೋದ ವಾರವೇ
ಹೊರಗೆ ಬಂದಾಗಿದೆ ಎತೇರಿ.
ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟು.
ಎಂಟನೇ ಕ್ಲಾಸಲ್ಲಿ ಕಿವಿ ಹಿಂಡಿಸಿಕೊಂಡು ಕಲಿತ ಲೆಕ್ಕ,
ಇಷ್ಟು ವರ್ಷ ಸುಮ್ಮನಿದ್ದು ಈಗ ಬಡ್ಡಿ ಕೊಡುತ್ತಿದೆ.
ಲೆಕ್ಕ ಬರುವವಳು ಲೆಕ್ಕಕ್ಕೇಕೆ ದುಡ್ಡು ಕೊಡಬೇಕು?

ಕೊನೆಗೆ ಸಿಕ್ಕಿದ್ದು ಸೇತುವೆಯ ತುದಿಯಲ್ಲಿ,
ಮದುವೆ ಫೋಟೋ ಬಿಟ್ಟು ಜೇನು ಸಾಕಲು ಹೊರಟವನ ಹತ್ತಿರ.
ಕೈಯಲ್ಲೇ ತಿರುಪುವ ಫ್ಲ್ಯಾಶು, ಬ್ಯಾಟರಿ ಬಾಗಿಲಿಗೆ ಟೇಪು: ಎಪ್ಪತ್ತು.
ರೇಡಿಯೋ ಟ್ರಿಗರು ಜೋಡಿ, ಒಂದಕ್ಕೆ ಆಗಾಗ ಮುನಿಸು: ನಲವತ್ತೈದು.
ಬಿಳಿ ಕೊಡೆ, ಕಡ್ಡಿಯೊಂದು ಸೊಟ್ಟ: ಹದಿನೈದು.
ಚಾರ್ಜಾಗುವ ಸೆಲ್ಲು ಎಂಟು, ಮೂವತ್ತೆರಡು,
ಇದೊಂದಕ್ಕೆ ಚೌಕಾಸಿ ಮಾಡಲಿಲ್ಲ ಅವಳು.
ಹೊಟ್ಟೆಗೆ ಹೊಟ್ಟು ಹಾಕಿದರೆ
ಎಂಥ ಕುದುರೆಯೂ ಮಲಗುತ್ತದೆ.

ಸ್ಟ್ಯಾಂಡಿಗೆ ಅರವತ್ತು. ಉಳಿದದ್ದು ಹದಿನೆಂಟು.
ಹಾಗಾಗಿ ಸ್ಟ್ಯಾಂಡಿನ ಹೆಸರು ವಾಖೋ,
ಮೂರನೇ ಮಹಡಿಯ ಹುಡುಗ, ವಯಸ್ಸು ಹನ್ನೆರಡು,
ಗಂಟೆಗೊಂದು ಐಸ್‌ಕ್ರೀಮು ಕೂಲಿ.
ಗಾಳಿಗೆ ಬೀಳುವುದಿಲ್ಲ, ಮರಳಿನ ಮೂಟೆ ಬೇಡ,
ಹೇಳಿದರೆ ಬಗ್ಗುತ್ತದೆ, ಮೆಟ್ಟಿಲು ಹತ್ತುತ್ತದೆ.
ಸೀನುತ್ತದೆ, ಅಷ್ಟೇ.

ಸಂಜೆ ಆರಕ್ಕೆ ಲಿಫ್ಟಿನ ಮುಂದೆ ತ್ಸಿಯಾಲಾ ನಿಂತಿದ್ದಳು,
ಒಂದು ಚೀಲ ಆಲೂಗಡ್ಡೆ, ಜೇಬಲ್ಲಿ ಚಿಲ್ಲರೆ ಇಲ್ಲ.
ಆ ಲಿಫ್ಟು ನಾಣ್ಯ ನುಂಗದೆ ಏಳುವುದಿಲ್ಲ.
ಹಿಂದೊಮ್ಮೆ ಅವಳ ಪಾಸ್‌ಪೋರ್ಟಿಗೆ
ಇದೇ ಎತೇರಿ ತೆಗೆದಿದ್ದಳು ಮುಖವನ್ನು,
ಕ್ಯಾಮೆರಾದ ನೆತ್ತಿಯಿಂದ ನೇರ ಹೊಡೆದು.
ಠಾಣೆಯಲ್ಲಿ ಕೂರಿಸಿ ಕೇಳಿದ ಹಾಗಿತ್ತು.
ಮೂಗಿಲ್ಲ, ಕೆನ್ನೆಯಿಲ್ಲ, ಗೋಡೆಗೆ ಬಡಿದ ಹಿಟ್ಟು;
ಗಡಿಯ ಅಧಿಕಾರಿ ಎರಡು ಸಲ ನೋಡಿದ್ದನಂತೆ.

"ಹಾಗೇ ನಿಲ್ಲು. ವಾಖೋ, ಎಡಕ್ಕೆ.
ಇನ್ನೂ. ಒಂದು ತೋಳಿನಷ್ಟು ದೂರ."
ಒಂದು ಸಲ ಒತ್ತಿದಳು, ಟ್ರಿಗರಿಗೆ ಮುನಿಸು.
ಎರಡನೇ ಸಲ, ಮುನಿಸು.
ಮೂರನೆಯದಕ್ಕೆ ವಾಖೋ ಸೀನಿದ, ಕೊಡೆ ವಾಲಿತು,
ಬೆಳಕು ಅಂದುಕೊಂಡಲ್ಲಿ ಬೀಳದೆ
ಆಲೂಗಡ್ಡೆಯ ಮಣ್ಣಿನ ಮೇಲೆ, ಹಿಡಿದ ಬೆರಳ ಮೇಲೆ,
ಅಲ್ಲಿಂದ ಎದ್ದು ಅರ್ಧ ಮುಖಕ್ಕೆ ಮಾತ್ರ ಬಂತು.
ಮಿಕ್ಕರ್ಧ ಕತ್ತಲೆಯಲ್ಲೇ ಇತ್ತು, ಆರಾಮಾಗಿ.

ತ್ಸಿಯಾಲಾ ಪರದೆಗೆ ಬಗ್ಗಿ ಬಹಳ ಹೊತ್ತು ನೋಡಿದಳು.
"ಈ ಕಡೆಯದು ನನ್ನ ಅಕ್ಕನ ಹಾಗಿದೆ," ಎಂದಳು.
"ಆ ಕಡೆಯದಕ್ಕೆ ಎಷ್ಟು ಕೊಡಬೇಕು?"

ಎತೇರಿ ಹದಿನೆಂಟರಲ್ಲಿ ಒಂದನ್ನು ಮುರಿಸಿ
ಇಪ್ಪತ್ತು ತೆತ್ರಿ ಲಿಫ್ಟಿನ ಬಾಯಿಗಿಟ್ಟಳು.
ಸೊಟ್ಟ ಕಡ್ಡಿಯ ಕೊಡೆ ಮಡಚಲೊಲ್ಲದು.
ಒಂಬತ್ತನೇ ಮಹಡಿಯವರೆಗೆ ಮೂವರೂ
ಆಲೂಗಡ್ಡೆಯನ್ನು ಕಾಲ ಸಂದಿಯಲ್ಲಿಟ್ಟುಕೊಂಡು
ಕೊಡೆ ಬಿಚ್ಚಿಕೊಂಡೇ ಹೋದರು.